ನೂರ ಅರವತ್ತು ಪೆಟ್ಟಿಗೆಯ ಮುಖ

ಬದುಕಿರುವ ಅತ್ತೆಗೆ ಎಡೆ ಇಟ್ಟ ಸೊಸೆ ಎಂಬ ಬಿರುದು ಮಿರಾನ್‌ಗೆ ಸಿಕ್ಕಿದ್ದು ಅಕ್ಟೋಬರ್ ತಿಂಗಳ ಒಂದು ಗುರುವಾರ, ಸಂಜೆಯ ಊಟಕ್ಕೆ ಕೂತಿದ್ದಾಗ. ದಯಪಾಲಿಸಿದವರು ಭಾವ, ಅಂದರೆ ಗಂಡನ ಅಣ್ಣ ತೇಹೋ. ಸುವಾನ್‌ನಲ್ಲಿ ಬಚ್ಚಲುಮನೆ ಟೈಲ್ಸಿನ ಅಂಗಡಿ ಇಟ್ಟಿರುವ ಅವರು ಇಂಚಾನ್‌ನ ಈ ಮನೆಗೆ ಫೋನ್ ಮಾಡಿದ್ದರು. ಗಂಡ ಕಿಹೋಗೆ ಒಂದು ಕೆಟ್ಟ ಚಾಳಿ. ಕೈಯಲ್ಲಿ ಊಟದ ಕಡ್ಡಿ ಇದ್ದರೆ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿಬಿಡುತ್ತಾನೆ. ಹಾಗಾಗಿ ಬಿರುದು ಪ್ರದಾನ ಮೂಲಂಗಿ ಸಾರಿನ ಪಕ್ಕದಲ್ಲೇ, ಮನೆಮಂದಿಯೆಲ್ಲರ ಎದುರಿಗೆ ನಡೆದುಹೋಯಿತು.

“ಅಮ್ಮ ಇನ್ನೂ ಗುಂಡುಕಲ್ಲಿನ ಹಾಗೆ ಕೂತು ಊಟ ಮಾಡ್ತಾ ಇದಾರೆ. ನಿನ್ನ ಹೆಂಡ್ತಿ ಅವರ ಫೋಟೋಗೆ ಕಪ್ಪು ಪಟ್ಟಿ ಕಟ್ಟಿ ಊರಿಗೆಲ್ಲ ತೋರಿಸ್ತಾ ಇದಾಳೆ! ಗೊತ್ತೇನೋ ನಿಂಗೆ?”

“ಯಾವ ಫೋಟೋ ಅಣ್ಣಾ?” ಕಿಹೋ ಬಾಯಲ್ಲಿದ್ದ ಅನ್ನ ನುಂಗಿದ.

“ಅದೇ ಅವಳ ನಾಟಕದ್ದು. ನಿಮ್ಮತ್ತಿಗೆ ಫೋನಿಗೆ ಬಂತು. ಮನೆ ಎತ್ತರ ಇದೆ ಮುಖ. ಮುಂದೆ ನಾಲ್ಕು ಜನ ತಲೆ ಬಗ್ಗಿಸ್ಕೊಂಡು ನಿಂತಿದಾರೆ. ಬದುಕಿರೋ ತಾಯಿಗೆ ಎಡೆ ಇಡ್ತೀರೇನೋ?”

ಮೇಜಿನ ಆ ತುದಿಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದ ಒಕ್ಬುನ್ ಅಜ್ಜಿ ತಲೆಯೆತ್ತಿದರು. ಎಂಬತ್ತೊಂದು ವರ್ಷ. ಕಿವಿ ಮಾತ್ರ ಇಪ್ಪತ್ತೊಂದರದು. “ಯಾರ ಮುಖ?” ಎಂದರು.

ಯಾರೂ ಉತ್ತರ ಕೊಡುವ ಮೊದಲೇ ಮೊಮ್ಮಗಳು ಸೊರಾ ಚಿತ್ರವನ್ನು ಹುಡುಕಿ ತೆಗೆದು ಅಜ್ಜಿಯ ಮೂಗಿನ ಮುಂದೆ ಹಿಡಿದಿದ್ದಳು. ಹದಿನೇಳು ವರ್ಷದ ಹುಡುಗಿಯ ಬೆರಳಿಗಿರುವ ಚುರುಕು ಬುದ್ಧಿಗೂ ಇದ್ದಿದ್ದರೆ ಆ ಮನೆಯಲ್ಲಿ ಎಷ್ಟೋ ಜಗಳಗಳು ಆಗುತ್ತಲೇ ಇರಲಿಲ್ಲ.

ನಾಟಕಶಾಲೆಯವರು ತಾಲೀಮಿನದೊಂದು ಫೋಟೋ ಹೊರಬಿಟ್ಟಿದ್ದರು. ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆ ತುಂಬುವ ಬಿಳಿ ಥರ್ಮಾಕೋಲ್ ಪೆಟ್ಟಿಗೆಗಳನ್ನು ಗೋಡೆಯ ಹಾಗೆ ಒಟ್ಟಿದ್ದಾರೆ. ಗೋಡೆಯ ತುಂಬ ಒಕ್ಬುನ್‌ರ ಮುಖ. ಬಣ್ಣವಿಲ್ಲ, ಕಪ್ಪು ಬಿಳುಪು. ನೇರ ನೋಟ, ಮುಚ್ಚಿದ ಬಾಯಿ. ಮೇಲಿನ ಎರಡು ಮೂಲೆಗಳಲ್ಲಿ ಓರೆಯಾಗಿ ಎರಡು ಕಪ್ಪು ಗೆರೆ. ಆ ದೇಶದಲ್ಲಿ ಹುಟ್ಟಿದ ಮೂರು ವರ್ಷದ ಕೂಸಿಗೂ ಅದೇನೆಂದು ಬಿಡಿಸಿ ಹೇಳಬೇಕಿಲ್ಲ. ಸಾವಿನ ಮನೆಯಲ್ಲಿ ಹೂವಿನ ನಡುವೆ ಇಡುವ ಫೋಟೋಗೆ ಕಪ್ಪು ಪಟ್ಟಿ ಕಟ್ಟುವುದು ಥೇಟ್ ಹಾಗೆಯೇ.

ಮಿರಾನ್ ಕೂಡ ನೋಡಿದಳು. ನಿಜ ಹೇಳಬೇಕೆಂದರೆ, ಮೊದಲು ಅವಳಿಗೆ ಕಂಡದ್ದು ಮೂರನೇ ಸಾಲಿನ ಪೆಟ್ಟಿಗೆಗಳಲ್ಲಿ ಚಿತ್ರ ಸ್ವಲ್ಪ ಮಸುಕಾಗಿರುವುದು.

“ಅದು ಪಟ್ಟಿ ಅಲ್ಲ ಭಾವ, ಲೈಟ್ ಕಟ್ಟೋ ಪೈಪಿನ ನೆರಳು,” ಎಂದಳು ಫೋನಿನ ಕಡೆ ಬಾಗಿ.

“ನೆರಳೋ ಪಟ್ಟಿಯೋ, ನೋಡೋರಿಗೆ ಏನು ಕಾಣುತ್ತೋ ಅದೇ. ತೆಗೆಸಮ್ಮ.”

“ನೆರಳು ತೆಗೆಸ್ತೀನಿ.”

“ಮುಖ ತೆಗೆಸು ಅಂದೆ.”

“ಮುಖ ತೆಗೆಯಲ್ಲ.”

ಫೋನ್ ಕಟ್ಟಾಯಿತು. ಒಕ್ಬುನ್ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ತಲೆ ಬಾಚಿಲ್ಲ,” ಎಂದಷ್ಟೇ ಹೇಳಿ, ಅರ್ಧ ಮೀನನ್ನು ತಟ್ಟೆಯಲ್ಲೇ ಬಿಟ್ಟು ಕೋಣೆಗೆ ಹೋದರು. ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಉಪ್ಪು ಹಾಕಿದ ಸೀಗಡಿ ಮಾರಿದ ಹೆಂಗಸು ಮೀನು ಬಿಟ್ಟೆದ್ದರೆಂದರೆ ಅದು ಸಣ್ಣ ಸಂಗತಿಯಲ್ಲ.

ಮಿರಾನ್‌ಗೆ ನಲವತ್ತನಾಲ್ಕು. ಇಪ್ಪತ್ತನೇ ವಯಸ್ಸಿನಲ್ಲಿ ಸ್ಲೈಡುಗಳ ಡಬ್ಬ ಹೊತ್ತುಕೊಂಡು ಸೋಲ್ ನಗರದ ಹ್ಯೇಹ್ವಾದಲ್ಲಿ ನಾಟಕಶಾಲೆಯ ಮೆಟ್ಟಿಲು ಹತ್ತಿದವಳು. ಆಗ ಒಂದು ಸ್ಲೈಡು ತಲೆಕೆಳಗಾದರೆ ಚಂದ್ರ ನೆಲದಲ್ಲಿ ಮೂಡುತ್ತಿದ್ದ, ನಿರ್ದೇಶಕರು ಕತ್ತಲಲ್ಲೇ ಚಪ್ಪಲಿ ಎಸೆಯುತ್ತಿದ್ದರು. ಈಗ ಎಲ್ಲ ಕಂಪ್ಯೂಟರು. ನಾಟಕದ ಗೋಡೆಗಳ ಮೇಲೆ ಕಡಲು, ಬೆಂಕಿ, ಹಿಮ ಬರಿಸುವುದು ಅವಳ ಕಸುಬು. ಸಿನಿಮಾದಲ್ಲೂ ಅವಳಿಗೆ ಕೆಲಸವಿದೆ. ಅಲ್ಲಿ ಕಾರು ಓಡುವುದಿಲ್ಲ, ಕಾರಿನ ಕಿಟಕಿಯಾಚೆ ರಸ್ತೆ ಓಡುತ್ತದೆ; ಆ ರಸ್ತೆ ಓಡಿಸುವವಳು ಮಿರಾನ್. ನಾಯಕ ನಾಯಕಿ ಅಳುತ್ತಿರುವಾಗ ಹಿಂದೆ ಸರಿದುಹೋಗುವ ದೀಪಗಳನ್ನು ಯಾರು ಬಿಟ್ಟರೆಂದು ಕೇಳಿದವರು ಈ ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರೂ ಇಲ್ಲ.

ಮನೆಯಲ್ಲೂ ಅಷ್ಟೇ. ಲಿಫ್ಟ್ ರಿಪೇರಿ ಮಾಡುವ ಕಿಹೋನ ಕೆಲಸಕ್ಕೆ ಹೆಸರಿದೆ, ಸಮವಸ್ತ್ರವಿದೆ. ಅವಳದು “ಅದೇನೋ ಲೈಟ್ ಬಿಡೋ ಕೆಲಸ”. ಅಕ್ಕಿ, ಗ್ಯಾಸು, ಸೊರಾಳ ಟ್ಯೂಷನ್ ನಡೆಯುವುದು ಆ ಲೈಟಿನಿಂದಲೇ ಎನ್ನುವುದು ಬೇರೆ ಮಾತು.

ಈ ನಾಟಕ ಮಾತ್ರ ಬೇರೆ. ಸೀಗಡಿ ಮಾರುವ ಹೆಂಗಸರ ಕಥೆ. ನಿರ್ದೇಶಕಿ, ಮಿರಾನ್‌ಗಿಂತ ಹತ್ತು ವರ್ಷ ಚಿಕ್ಕವಳು, ಮೊದಲ ದಿನವೇ ಹೇಳಿದ್ದಳು: “ಕೊನೇ ನಾಲ್ಕು ನಿಮಿಷ ಮಾತಿಲ್ಲ, ಹಾಡಿಲ್ಲ. ಅದು ಪೂರ್ತಿ ನಿಮ್ಮದು ಅಕ್ಕ.” ಪೋಸ್ಟರಿನಲ್ಲಿ ರಂಗಸಜ್ಜಿಕೆಯವರ ಹೆಸರಿನಷ್ಟೇ ದಪ್ಪಕ್ಕೆ ಅವಳ ಹೆಸರು ಹಾಕಿದ್ದರು. ನಾಟಕ ಗೆದ್ದರೆ ಅದನ್ನೇ ಸಿನಿಮಾ ಮಾಡುತ್ತಾರೆ, ಅದರಲ್ಲೂ ಮಿರಾನ್ ಇರುತ್ತಾಳೆ ಎಂದು ಮಾತಾಗಿತ್ತು. ಆ ನಾಲ್ಕು ನಿಮಿಷಕ್ಕೆ ಅವಳು ಆರಿಸಿಕೊಂಡದ್ದು ಅತ್ತೆಯ ಮುಖ. ಆಗಸ್ಟಿನಲ್ಲಿ ಬಾಲ್ಕನಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ “ಅತ್ತೆ, ಹಿಡೀಲಾ?” ಎಂದು ಕ್ಯಾಮೆರಾ ತೋರಿಸಿದ್ದಳು. “ಹಿಡಿ, ಹಿಡಿ. ಬೆಳ್ಳುಳ್ಳಿಗೇನು ನಾಚಿಕೆ?” ಎಂದಿದ್ದರು ಒಕ್ಬುನ್. ಒಪ್ಪಿಗೆ ಎಂದರೆ ಅಷ್ಟೇ.

ಮರುದಿನ ಒಕ್ಬುನ್ ಹಿರಿಯರ ಸಂಘದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

“ಆ ಸಂಘಕ್ಕೆ ವರ್ಷವರ್ಷ ಫೋಟೋದವನು ಬರ್ತಾನೆ. ಸತ್ತ ಮೇಲೆ ಇಡೋ ಫೋಟೋ ಪುಕ್ಕಟೆ ತೆಗೀತೀನಿ ಅಂತ. ಮೂರು ಸಲ ಓಡಿಸಿದೀನಿ. ನಂಗೇನು ಅವಸರ ಅಂತ. ಇವತ್ತು ಆ ಹಲ್ಲಿಲ್ಲದ ಮಲ್ಸುನ್ ಹೇಳ್ತಾಳೆ, ‘ನಿಂದು ಆಗ್ಲೇ ಆಗಿದ್ಯಂತಲ್ಲೇ, ಮನೆಯಷ್ಟು ದೊಡ್ಡದು! ಹೊರೋಕೆ ಎಷ್ಟು ಜನ ಬೇಕೋ!’ ಎಲ್ಲರೂ ಬಿದ್ದು ಬಿದ್ದು ನಕ್ಕರು.”

“ಅತ್ತೆ, ಅದು ಹಾಗಲ್ಲ. ನೀವು ನಾಟಕ ನೋಡಿದ್ರೆ…”

“ಬೆಳ್ಳುಳ್ಳಿ ಸುಲೀತಾ ಇದ್ದೆ ಕಣೇ ನಾನು! ಬೆಳ್ಳುಳ್ಳಿ ಎಲ್ಲಿ? ಕೈ ಎಲ್ಲಿ? ಬರೀ ತಲೆ ಕಡ್ಕೊಂಡು ಹೋಗಿದೀಯ.”

ಅಂದಿನಿಂದ ಅಜ್ಜಿ ಊಟದ ತಟ್ಟೆಯನ್ನು ಕೋಣೆಗೇ ತರಿಸಿಕೊಂಡರು. ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. ಕಿಮ್ಚಿ ಉಪ್ಪಿನಕಾಯಿಗೆ ಹೊಂದಿಸಿಟ್ಟ ಎರಡು ಬುಟ್ಟಿ ಬೆಳ್ಳುಳ್ಳಿ ಬಾಲ್ಕನಿಯಲ್ಲಿ ಮೊಳಕೆಯೊಡೆಯಿತು. ಮಿರಾನ್ ತಾಲೀಮು ಮುಗಿಸಿ ಬಂದು ಒಬ್ಬಳೇ ಸುಲಿಯಲು ಕೂತರೆ ಉಗುರಿನ ಸಂದಿ ಉರಿಯುತ್ತಿತ್ತು, ಕಿಹೋ ಪಾತ್ರೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ರಾಜಿ ಮಾತಾಡುತ್ತಿದ್ದ.

“ನಾಲ್ಕೇ ನಾಲ್ಕು ನಿಮಿಷ ಮಿರಾನ್. ಬೇರೆ ಯಾವ ಅಜ್ಜೀನೂ ಸಿಗಲ್ವಾ ನಿಂಗೆ? ಮಾರ್ಕೆಟ್ ತುಂಬ ಅಜ್ಜೀರೇ.”

“ನೀನು ಲಿಫ್ಟಿನ ಹಗ್ಗ ಬದಲಾಯಿಸುವಾಗ ಮೇಲಿಂದ ನಾನು ‘ಬೇರೆ ಹಗ್ಗ ಸಿಗಲ್ವಾ’ ಅಂತ ಕೇಳ್ತೀನಾ?”

“ಹಗ್ಗ ಬೇರೆ, ಅಮ್ಮ ಬೇರೆ.”

“ಗೊತ್ತು. ಅದಕ್ಕೇ ಬೇರೆ ಅಜ್ಜಿ ಬೇಡ ಅಂದಿದ್ದು.”

ಕಿಹೋ ಒಂದು ಬಟ್ಟಲನ್ನು ಎರಡು ಸಲ ತೊಳೆದ. ಅವನು ಕೆಟ್ಟವನಲ್ಲ. ಅಣ್ಣನ ಮುಂದೆ ಬಾಯಿ ಬಿಡುವುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ, ಅಷ್ಟೇ.

ಮುಂದಿನ ವಾರದ ಭಾನುವಾರ ಬೆಳಗ್ಗೆ ಒಕ್ಬುನ್ ಬಟ್ಟೆ ಗಂಟು ಕಟ್ಟಿದರು. “ದೊಡ್ಡವನ ಮನೆಗೆ ಹೋಗ್ತೀನಿ. ಅಲ್ಲಾದ್ರೂ ನನ್ನನ್ನ ಬದುಕಿರೋಳ ಹಾಗೆ ನೋಡ್ತಾರೆ,” ಎಂದರು. ಹತ್ತು ವರ್ಷದಿಂದ ಕಿರಿಯ ಮಗನ ಮನೆಯಲ್ಲೇ ಇದ್ದ ಮುದುಕಿ ಹೀಗೆ ಹೊರಟಾಗ ತಡೆಯಲು ಕಿಹೋ ಗಂಟನ್ನು ಹಿಡಿದ, ಸೊರಾ ಅಜ್ಜಿಯ ತೋಳು ಹಿಡಿದಳು. ಮಿರಾನ್ ಏನನ್ನೂ ಹಿಡಿಯಲಿಲ್ಲ. ಡಬ್ಬಿಗೆ ಅತ್ತೆಯ ರಕ್ತದೊತ್ತಡದ ಮಾತ್ರೆ, ಹುರಿದ ಕಡಲಪಾಚಿ, ಕಾಲು ನೋವಿನ ಪ್ಲಾಸ್ಟರು ತುಂಬಿಸಿ ಕೊಟ್ಟಳು.

“ಬೇಡ ಹೋಗ್ಬೇಡಿ ಅನ್ನಲ್ವೇನೇ?”

“ಹೋಗ್ಬೇಡಿ ಅಂದ್ರೆ ಮುಖ ತೆಗೀತೀಯಾ ಅಂತ ಕೇಳ್ತೀರಿ. ತೆಗೆಯಲ್ಲ ಅಂತೀನಿ. ಮತ್ತೆ ಗಂಟು ಎತ್ಕೋತೀರಿ. ಮಾತ್ರೆ ತಪ್ಪಿಸ್ಬೇಡಿ ಅತ್ತೆ.”

ಒಕ್ಬುನ್ ಡಬ್ಬಿ ಕಿತ್ತುಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೆ ಮಿರಾನ್ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ತಾಲೀಮಿಗೆ ಹೊರಟಳು.

ಭಾವ ಸುಮ್ಮನೆ ಕೂರುವ ಆಸಾಮಿಯಲ್ಲ. ಬುಧವಾರ ನಾಟಕಶಾಲೆಯ ಕಚೇರಿಗೇ ಫೋನ್ ಮಾಡಿ, ಮನೆಯವರ ಒಪ್ಪಿಗೆಯಿಲ್ಲದೆ ತಾಯಿಯ ಮುಖ ಬಳಸಿದ್ದಾರೆ, ನಾನು ಹಿರಿಯ ಮಗ ಎಂದು ಹೇಳಿದರು. ವ್ಯವಸ್ಥಾಪಕರು ಮಿರಾನ್‌ಳನ್ನು ಕರೆದು ಒಂದು ಕಾಗದ ಮುಂದಿಟ್ಟರು. ಒಪ್ಪಿಗೆ ಪತ್ರ. ಕೆಳಗೆ ಸಹಿಯ ಬದಲಿಗೆ ಒಕ್ಬುನ್‌ರ ಹೆಸರಿನ ಮೊಹರು ಬೀಳಬೇಕು. ಮುಂದಿನ ವಾರ ಶುಕ್ರವಾರ ಮಧ್ಯಾಹ್ನ ಮೂರರೊಳಗೆ.

“ಮೊಹರು ಬೀಳದಿದ್ರೆ?”

“ಮುಖ ಹಾಕೋಕಾಗಲ್ಲ. ಬೇಜಾರು ಮಾಡ್ಕೋಬೇಡಿ, ಕೊನೇ ನಾಲ್ಕು ನಿಮಿಷಕ್ಕೆ ಹೂವಿನ ಮಳೆ ಸುರಿಸೋಣ. ಎರಡು ದಿನದಲ್ಲಿ ಮಾಡ್ಕೊಡೋರಿದಾರೆ. ಜನಕ್ಕೂ ಇಷ್ಟ ಆಗುತ್ತೆ.”

“ಸೀಗಡಿ ಮಾರ್ಕೆಟ್ಟಲ್ಲಿ ಹೂವಿನ ಮಳೆ ಯಾವಾಗ ಬಿತ್ತು ಸಾರ್?”

“ಅದು ಒಂಥರಾ ಕಾವ್ಯ.”

“ಹಾಗಾದ್ರೆ ಆ ಕಾವ್ಯ ಮಾಡೋರ ಹೆಸರೇ ಪೋಸ್ಟರಲ್ಲಿ ಹಾಕಿ. ನನ್ನ ಹೆಸರು ತೆಗೀರಿ. ಮೊದಲಿನ ಎಪ್ಪತ್ತು ನಿಮಿಷದ ಚಿತ್ರಗಳನ್ನೂ ವಾಪಸ್ ತಗೊಂಡು ಹೋಗ್ತೀನಿ.”

ವ್ಯವಸ್ಥಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. ಬಾಡಿಗೆ ಪ್ರೊಜೆಕ್ಟರಿನ ಹಿಂದೆ ಕೂತು ಇಷ್ಟು ವರ್ಷ “ಆಯ್ತು ಸಾರ್” ಎಂದೇ ಹೇಳುತ್ತಿದ್ದ ಹೆಂಗಸು ಇವಳೇನಾ ಎಂದು ಅವರಿಗೆ ಅನುಮಾನ ಬಂದಿರಬೇಕು. ಮಿರಾನ್‌ಗೂ ಬಂತು. ಬಂದದ್ದು ಹೋಗಲಿಲ್ಲ, ಹೋಗಬೇಕೆಂದೂ ಅನಿಸಲಿಲ್ಲ.

ಆ ಶನಿವಾರ ತೀರಿಹೋದ ಮಾವನ ವರ್ಷದ ಎಡೆ. ಸುವಾನ್‌ನ ಭಾವನ ಮನೆಯಲ್ಲಿ ಮಿರಾನ್ ಮಧ್ಯಾಹ್ನದಿಂದ ಒಲೆಯ ಮುಂದೆ ಕೂತು, ಮೀನಿನ ತೆಳು ಹೋಳು ಹಿಟ್ಟಿನಲ್ಲಿ, ಮೊಟ್ಟೆಯಲ್ಲಿ ಅದ್ದಿ ಕರಿದಳು. ಪಕ್ಕದಲ್ಲಿ ಓರಗಿತ್ತಿ ಕುಂಬಳಕಾಯಿಯ ಬಿಲ್ಲೆ ಕರಿಯುತ್ತಿದ್ದಳು. ಅತ್ತೆ ಬಂದು ಆರು ದಿನವಾಗಿತ್ತು. ಓರಗಿತ್ತಿಯ ಕಣ್ಣ ಕೆಳಗೆ ಆರು ದಿನದ ಕಪ್ಪಿತ್ತು.

“ಸಾರಿಗೆ ಉಪ್ಪು ಕಡಿಮೆಯಂತೆ. ಬಟ್ಟೆ ಮಷೀನಿಗೆ ಹಾಕಿದ್ರೆ ಕೊಳೆ ಹೋಗಲ್ವಂತೆ. ನಸುಕಿಗೇ ಎದ್ದು ಪಾತ್ರೆ ಕುಕ್ತಾರೆ. ಹತ್ತು ವರ್ಷ ಹೇಗೆ ತಡ್ಕೊಂಡ್ಯೇ?”

“ನಾನೂ ಕುಕ್ತೀನಿ,” ಎಂದಳು ಮಿರಾನ್.

ಓರಗಿತ್ತಿ ನಗು ತಡೆಯಲಾರದೆ ಎಣ್ಣೆ ಸೌಟನ್ನು ಕೆಳಗಿಟ್ಟಳು. ನಗು ನಿಂತ ಮೇಲೆ ತಗ್ಗಿದ ದನಿಯಲ್ಲಿ “ಆ ಫೋಟೋ ನಾನು ಅವರಿಗೆ ತೋರಿಸ್ಬಾರದಿತ್ತು,” ಎಂದಳು.

ಸಂಜೆ ಎಡೆಯ ಮೇಜು ಅಣಿಯಾಯಿತು. ಹಣ್ಣು, ಮೀನು, ಅನ್ನ, ಸಾರು, ಎಲ್ಲಕ್ಕೂ ಹಿಂದೆ ಮಾವನ ಫೋಟೋ. ಭಾವ ಊದುಬತ್ತಿ ಹಚ್ಚಿದರು, ಗಂಡಸರು ಅಡ್ಡಬಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಿರಾನ್ ಫೋಟೋ ನೋಡಿದಳು. ಎಷ್ಟೋ ವರ್ಷದಿಂದ ನೋಡಿದ ಫೋಟೋ. ನೇರ ನೋಟ, ಮುಚ್ಚಿದ ಬಾಯಿ, ಹಿಂದೆ ಏನೂ ಇಲ್ಲ. ಕಿವಿಯ ಹತ್ತಿರ ಕತ್ತರಿಸಿದ ಅಳತೆಯೂ ತನ್ನ ಗೋಡೆಯ ಮುಖದ್ದೇ. ಪೈಪಿನ ನೆರಳು ತೆಗೆದರೂ ಇದು ಹೋಗುವುದಿಲ್ಲ ಎಂದು ಗೊತ್ತಾಯಿತು. ಗೊತ್ತಾದದ್ದನ್ನು ಭಾವನ ಮುಂದೆ ಒಪ್ಪಿಕೊಳ್ಳುವಷ್ಟು ಒಳ್ಳೆಯವಳೇನೂ ಅವಳಾಗಿರಲಿಲ್ಲ.

ಊಟಕ್ಕೆ ಕೂತಾಗ ಭಾವನೇ ಮಾತು ತೆಗೆದರು. “ನೋಡಮ್ಮ, ಈ ಮನೆ ಹಿರಿಯರ ಎಡೆ ಇಡೋನು ನಾನು. ಅಮ್ಮನ ವಿಷಯದಲ್ಲಿ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು.”

“ಎಡೆ ನಿಮ್ಮದು ಭಾವ, ಒಪ್ತೀನಿ. ದಿನದ ಊಟ ನಮ್ಮದು. ಹತ್ತು ವರ್ಷದಲ್ಲಿ ಅತ್ತೆ ಏನು ತಿಂದ್ರು ಅಂತ ನೀವು ಒಂದು ಮಾತು ಕೇಳಿದ್ರಾ?”

“ಮಿರಾನ್!” ಎಂದ ಕಿಹೋ.

“ಬಿಡು, ಹೇಳಲಿ,” ಭಾವನ ಮುಖ ಕೆಂಪಾಗಿತ್ತು. “ಮೊಹರು ಬೀಳಲ್ಲ. ಅಷ್ಟೇ. ಅಮ್ಮ ನನ್ನ ಮನೇಲಿದಾರೆ.”

ಆಗ ಕಿಹೋ ಬಾಯಿ ಬಿಟ್ಟ. ಜೀವಮಾನದಲ್ಲಿ ಮೊದಲ ಸಲವಾದ್ದರಿಂದ ದನಿ ಹೆಣ್ಣುಮಕ್ಕಳ ದನಿಯ ಹಾಗೆ ಕೀರಲಾಯಿತು. “ಅಣ್ಣಾ, ಮೊಹರು ಅಮ್ಮಂದು. ಅಮ್ಮ ಇಲ್ಲೇ ಕೂತಿದಾರೆ. ಕೇಳ್ಬಹುದಲ್ಲ?”

ಎಲ್ಲರೂ ಒಕ್ಬುನ್ ಕಡೆ ತಿರುಗಿದರು. ಅವರು ಗಂಡನ ಎಡೆಯ ಮೀನನ್ನು ನೆಮ್ಮದಿಯಾಗಿ ಅಗಿಯುತ್ತಿದ್ದರು.

“ನೋಡದೆ ನಾನು ಸೀಗಡೀನೇ ಕೊಂಡವಳಲ್ಲ. ಮೊದಲು ನೋಡ್ಬೇಕು,” ಎಂದರು. “ಮತ್ತೆ ಈ ಮೀನಿಗೆ ಉಪ್ಪು ಕಡಿಮೆ.”

ಮಂಗಳವಾರ ಮಧ್ಯಾಹ್ನ ಸೊರಾ ಟ್ಯೂಷನ್ ತಪ್ಪಿಸಿ ಅಜ್ಜಿಯನ್ನು ಮೆಟ್ರೋದಲ್ಲಿ ನಾಟಕಶಾಲೆಗೆ ಕರೆತಂದಳು. ಖಾಲಿ ಕುರ್ಚಿಗಳ ನಡುವೆ ಒಕ್ಬುನ್ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮಿರಾನ್ ಹಿಂದಿನ ಸಾಲಿನ ತನ್ನ ಮೇಜಿನಿಂದ ಕೊನೆಯ ದೃಶ್ಯ ಬಿಟ್ಟಳು. ನೂರ ಅರವತ್ತು ಪೆಟ್ಟಿಗೆಗಳ ಮೇಲೆ ಮುಖ ಬೆಳಗಿತು. ಪೈಪು ಸರಿಸಿದ್ದರು, ಕಪ್ಪು ಗೆರೆ ಇರಲಿಲ್ಲ. ಒಂದೊಂದು ಪೆಟ್ಟಿಗೆಯ ಅಂಚಿಗೂ ಚಿತ್ರ ಕರಾರುವಾಕ್ಕಾಗಿ ಕೂತಿತ್ತು. ಮೂರು ವಾರದ ಕೆಲಸ.

ನಾಲ್ಕು ನಿಮಿಷ ಮುಗಿಯಿತು. ಮಿರಾನ್ ಇಳಿದು ಬಂದು ಪಕ್ಕದಲ್ಲಿ ನಿಂತಳು.

“ಸತ್ತಿದಾಳೆ,” ಎಂದರು ಒಕ್ಬುನ್.

“ಅತ್ತೆ…”

“ಸುಳ್ಳು ಹೇಳ್ಬೇಡ. ಇಷ್ಟು ಹೊತ್ತು ನೋಡಿದೆ, ಒಂದು ಸಲಾನೂ ರೆಪ್ಪೆ ಬಡಿಲಿಲ್ಲ. ನನ್ನ ರೆಪ್ಪೆ ಏನು ಮಾಡಿದೆ?”

ಮಿರಾನ್ ಪಕ್ಕದ ಕುರ್ಚಿಯಲ್ಲಿ ಕೂತಳು. “ತೆಗೆದೆ. ಪ್ರತಿ ಸಲ ರೆಪ್ಪೆ ಬಡಿದಾಗ ಪೆಟ್ಟಿಗೆಗಳ ಬೆಳಕು ಅಲ್ಲಾಡ್ತಿತ್ತು. ಗಲೀಜು ಕಾಣ್ತಿತ್ತು. ಚಿತ್ರ ನಿಧಾನ ಮಾಡಿ, ಮಧ್ಯೆ ಮಧ್ಯೆ ಕತ್ತರಿಸಿ ಜೋಡಿಸಿದೆ.”

“ಬಾಯಿ?”

“ಅವತ್ತು ನೀವು ಒಂದೇ ಸಮ ಬೈತಾ ಇದ್ರಿ. ಬಾಯಿ ಮುಚ್ಚಿದ್ದ ಕಡೆ ಮಾತ್ರ ಆರಿಸ್ಕೊಂಡೆ.”

“ಬಾಯಿ ಮುಚ್ಚಿದ್ದು ಸಿಕ್ಕಿತೇ ನಿಂಗೆ?” ಅಜ್ಜಿಯ ಮಾತಿಗೆ ಸೊರಾ ಕಿಸಕ್ಕನೆ ನಕ್ಕಳು. ಒಕ್ಬುನ್ ನಗಲಿಲ್ಲ. “ಮೂವತ್ತು ವರ್ಷ ಮಾರ್ಕೆಟ್ಟಲ್ಲಿ ಬೈದು ಬೈದು ಇಬ್ಬರು ಮಕ್ಕಳನ್ನ ಸಾಕಿದೆ. ನೀನು ಬೈಗುಳ ಎಲ್ಲ ತೆಗೆದು, ಕೈ ತೆಗೆದು, ಬೆಳ್ಳುಳ್ಳಿ ತೆಗೆದು, ಯಾವಳೋ ಸಾಧ್ವಿ ಮುದುಕೀನ ಕೂರಿಸಿದೀಯ. ಇವಳು ಯಾರು? ನಂಗೆ ಗೊತ್ತಿಲ್ಲ ಇವಳು.”

“ಇದು ನನ್ನ ಕೆಲಸ ಅತ್ತೆ. ನಿಮಗೆ ಗೊತ್ತಾಗಲ್ಲ…” ಎಂದು ಶುರುಮಾಡಿದ ಮಿರಾನ್‌ಗೆ ಮಾತು ಮುಂದೆ ಹೋಗಲಿಲ್ಲ. ಸಿಟ್ಟು ಬಂದಿತ್ತು, ಏಕೆಂದರೆ ಮುದುಕಿ ಹೇಳಿದ್ದು ಅಕ್ಷರಕ್ಷರವೂ ಸರಿಯಿತ್ತು. ಭಾವನೂ ನೋಡಿದ್ದು ಸರಿಯೇ ಇತ್ತು. ತೆಗೆಸು ಎಂದು ಕೇಳಿದ್ದು ಮಾತ್ರ ತಪ್ಪು. “ಮಾಡುವಾಗ ನನ್ನ ಕಣ್ಣಿಗೆ ಬೀಳಲಿಲ್ಲ ಅತ್ತೆ. ಅಂಚು ನೋಡ್ತಾ ನೋಡ್ತಾ ಮುಖ ನೋಡಲಿಲ್ಲ. ತಪ್ಪು ನಂದು.”

“ಹೂಂ.”

“ಆದ್ರೆ ಕೇಳಿ. ಸರಿ ಮಾಡ್ತೀನಿ, ತೆಗೆಯಲ್ಲ. ನೀವು ಮೊಹರು ಹಾಕದಿದ್ರೆ ಇಲ್ಲಿ ಹೂವಿನ ಮಳೆ ಹಾಕ್ತಾರೆ. ಅದಕ್ಕೆ ಕೈ ಹಾಕೋಳಲ್ಲ ನಾನು. ಎದ್ದು ಹೋಗ್ತೀನಿ.”

“ಹೆದರಿಸ್ತೀಯೇನೇ?”

“ಇಲ್ಲ. ಇರೋದು ಹೇಳ್ತಾ ಇದೀನಿ.”

“ಹೂವಿನ ಮಳೆಯಂತೆ!” ಒಕ್ಬುನ್ ಎದ್ದು ಸೀದಾ ಬಾಗಿಲ ಕಡೆ ನಡೆದರು. “ಸೀಗಡಿ ಕೊಳೆತುಹೋಗುತ್ತೆ.” ಆ ಸಂಜೆ ಅವರು ಸುವಾನ್‌ಗೆ ವಾಪಸ್ಸು ಹೋಗಲಿಲ್ಲ. ಸೊರಾಳ ಜೊತೆ ಇಂಚಾನ್‌ನ ಮನೆಗೇ ಬಂದು, ಮೊಳಕೆ ಬಂದ ಬೆಳ್ಳುಳ್ಳಿ ನೋಡಿ ಇಡೀ ವಠಾರಕ್ಕೆ ಕೇಳುವಂತೆ ಶಪಿಸಿದರು.

ಎರಡು ದಿನ ಮಿರಾನ್ ಮೂರು ವಾರದ ಕೆಲಸವನ್ನು ತಾನೇ ಕೆಡವಿದಳು. ಬಣ್ಣ ವಾಪಸ್ಸು ಬಂತು. ರೆಪ್ಪೆ ಬಡಿಯಿತು. ಕೈ, ಚಾಕು, ಬುಟ್ಟಿ ಬಂದವು. ಪೆಟ್ಟಿಗೆಗಳ ಮೇಲೆ ಬೆಳಕು ಅಲ್ಲಾಡಿದರೆ ಅಲ್ಲಾಡಲಿ ಎಂದು ಬಿಟ್ಟಳು. ಧ್ವನಿಯನ್ನೂ ಹಾಕಿದಳು. ನಿರ್ದೇಶಕಿಗೆ ಫೋನ್ ಮಾಡಿ “ಮಾತಿಲ್ಲ ಅಂದಿದ್ರಿ. ಈಗ ಮಾತಿದೆ,” ಎಂದಳು. ಅದನ್ನು ಫೋನಿನಲ್ಲೇ ಕೇಳಿಸಿಕೊಂಡ ನಿರ್ದೇಶಕಿ “ಅಕ್ಕ, ಒಂದು ಅಕ್ಷರ ಮುಟ್ಟಬೇಡಿ,” ಎಂದಳು.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಮಿರಾನ್ ತನ್ನ ಅಂಗೈಯಗಲದ ಪ್ರೊಜೆಕ್ಟರನ್ನು ಊಟದ ಮೇಜಿನ ಮೇಲಿಟ್ಟಳು. ಮನೆಯಲ್ಲಿ ಖಾಲಿ ಬಿಳಿ ಎಂದರೆ ಫ್ರಿಜ್ಜಿನ ಬಾಗಿಲೊಂದೇ. ಅಂಟಿಸಿದ್ದ ಹೋಟೆಲಿನ ಚೀಟಿಗಳನ್ನು ಸೊರಾ ಕಿತ್ತಳು. ಅವಳು ಅಂದು ಶಾಲೆಯನ್ನೇ ತಪ್ಪಿಸಿದ್ದಳು, ಹೊಟ್ಟೆನೋವೆಂದು. ರಜೆ ಹಾಕಿದ್ದ ಕಿಹೋ ಪರದೆ ಎಳೆದ. ಒಕ್ಬುನ್ ಕುರ್ಚಿಯಲ್ಲಿ ಕೂತರು, ಮುಂದೆ ಒಪ್ಪಿಗೆ ಪತ್ರ, ಮೊಹರು, ಕೆಂಪು ಶಾಯಿಯ ಡಬ್ಬಿ.

ಫ್ರಿಜ್ಜಿನ ಮೇಲಿನ ಒಕ್ಬುನ್ ಬೆಳ್ಳುಳ್ಳಿಯ ಸಿಪ್ಪೆ ಊದಿದರು, ಕಣ್ಣಿಗೆ ಬಿತ್ತು, ರೆಪ್ಪೆ ಪಟಪಟ ಬಡಿದರು, ಮೊಣಕೈಯಿಂದ ಮೂಗೊರೆಸಿಕೊಂಡರು. ಆಮೇಲೆ ಬಾಯಿ ಬಿಟ್ಟರು. “ನಮ್ಮ ತೇಹೋಗೆ ತಾಯಿ ಬೇಕಾಗೋದು ವರ್ಷಕ್ಕೆ ಎರಡೇ ಸಲ. ಹಬ್ಬದ ಬೆಳಗ್ಗೆ ಒಂದು. ನಾಲ್ಕು ಜನ ನೋಡ್ತಾ ಇದ್ದಾಗ ಇನ್ನೊಂದು. ಕಿರಿಯವನು ವಾಸಿಯಾ? ಅವನಿಗೆ ಬಾಯೇ ಇಲ್ಲ, ಮೀನಿಗಾದ್ರೂ ಇರುತ್ತೆ…”

“ಇದನ್ನ ಊರಿಗೆಲ್ಲ ಕೇಳಿಸ್ತೀರಾ?”

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಭಾವ, ಕೈಯಲ್ಲಿ ಪೇರು ಹಣ್ಣಿನ ಪೆಟ್ಟಿಗೆ. ಮೊಹರಿನ ಗಡುವು ಇವತ್ತೆಂದು ನೆನಪಿಟ್ಟು ಬಂದಿದ್ದರು. ಫ್ರಿಜ್ಜಿನ ಮೇಲಿನ ತಾಯಿ ಮಾತ್ರ ಯಾರನ್ನೂ ಲೆಕ್ಕಿಸದೆ ಬೈಯುತ್ತಲೇ ಇದ್ದಳು. ಕಿಹೋ ಓಡಿಹೋಗಿ ಧ್ವನಿ ತಗ್ಗಿಸಿದ.

“ಕೂತ್ಕೋ,” ಎಂದರು ಒಕ್ಬುನ್.

ಭಾವ ಕೂರಲಿಲ್ಲ. ಹಣ್ಣಿನ ಪೆಟ್ಟಿಗೆಯನ್ನೂ ಕೆಳಗಿಡಲಿಲ್ಲ. “ಅವತ್ತು ಆ ಫೋಟೋ ನೋಡಿದಾಗ ನಂಗೆ ಎದೆ ಧಸಕ್ ಅಂತು ಅಮ್ಮ. ಅಂಗಡೀಲಿ ಗಿರಾಕಿಗಳ ಮುಂದೆ ನೆಲದ ಮೇಲೆ ಕೂತ್ಬಿಟ್ಟೆ. ನಿಂಗೇನೋ ಆಗೇಹೋಯ್ತು, ನಂಗೆ ಯಾರೂ ಹೇಳೇ ಇಲ್ಲ ಅಂತ.”

ಮಿರಾನ್‌ಗೆ ಆ ಕ್ಷಣ ಭಾವನ ಮೇಲೆ ಮೊದಲ ಬಾರಿಗೆ ಕನಿಕರವಾಯಿತು. ಕನಿಕರವಾದ ಮಾತ್ರಕ್ಕೆ ಅವಳು ಪ್ರೊಜೆಕ್ಟರ್ ಆರಿಸಲಿಲ್ಲ.

“ಅದನ್ನೇ ಹೇಳಿದ್ರೆ ಆಗ್ತಿರಲಿಲ್ವೇನೋ?” ಒಕ್ಬುನ್ ಅಂದರು. “ಹೆದರಿಕೆ ಆಯ್ತಮ್ಮ ಅಂತ. ಅದು ಬಿಟ್ಟು ನಾಟಕದವರಿಗೆ ಫೋನು, ಇವಳಿಗೆ ಧಮಕಿ.”

“ಮೊಹರು ಹಾಕ್ಬೇಡ ಅಮ್ಮ.” ಭಾವ ಮೇಜಿನ ಕಡೆ ಕೈ ಚಾಚಿದರು. ಒಕ್ಬುನ್ ಮೊಹರನ್ನು ಮುಷ್ಟಿಯೊಳಗೆ ಸೇರಿಸಿಕೊಂಡರು. ಬೆಳ್ಳುಳ್ಳಿ ಸುಲಿದು ಗಂಟುಗಂಟಾದ ಬೆರಳು. ಆ ಮುಷ್ಟಿಯನ್ನು ಬಿಡಿಸಲು ಊರಿನ ಟೈಲ್ಸ್ ಅಂಗಡಿಯವರೆಲ್ಲ ಸೇರಿದರೂ ಆಗುತ್ತಿರಲಿಲ್ಲ.

“ಹಿರಿಯ ಮಗ ನೀನು. ಅದನ್ನ ಯಾರೂ ಕಿತ್ಕೊಳ್ಳಲ್ಲ. ನಾನು ಸತ್ತ ದಿನ ಫೋಟೋ ಎದೆಗೊತ್ಕೊಂಡು ಎಲ್ಲರಿಗಿಂತ ಮುಂದೆ ನಡೆಯೋನು ನೀನೇ. ಆ ಮುಖ ನಿಂದು, ಬೇಕಾದಷ್ಟು ಕಪ್ಪು ಪಟ್ಟಿ ಕಟ್ಕೋ.” ಅವರು ಫ್ರಿಜ್ಜಿನ ಕಡೆ ಗದ್ದದಿಂದ ತೋರಿಸಿದರು. “ಈ ಮುಖ ನನ್ನದು. ನಾನಿದನ್ನ ಇವಳಿಗೆ ಕೊಟ್ಟಿದೀನಿ.”

ಒಕ್ಬುನ್ ಸೊಸೆಯ ಕಡೆ ತಿರುಗಿದರು. “ಅವನ ಹೆಸರು ತೆಗಿ. ಬೈಗುಳ ಇರಲಿ. ಎಲ್ಲರ ಮನೇಲೂ ಒಬ್ಬ ದೊಡ್ಡವನು ಇರ್ತಾನೆ.”

“ಹೆಸರು ತೆಗೀತೀನಿ ಅತ್ತೆ. ಬೇರೆ ಏನೂ ತೆಗೆಯಲ್ಲ.”

“ತೆಗೆದು ನೋಡು, ನಿನ್ನ ಕೈ ಮುರೀತೀನಿ.”

ಒಕ್ಬುನ್ ಎದ್ದು ನಿಂತರು. ಮೊಹರನ್ನು ಕೆಂಪು ಶಾಯಿಗೆ ಒತ್ತಿ, ಕಾಗದದ ಮೇಲಿಟ್ಟು, ಎರಡೂ ಕೈಯ ಭಾರ ಹಾಕಿ, ಮೇಜು ಕಿರುಗುಟ್ಟುವಂತೆ ಒತ್ತಿದರು.